ಕಳ್ಳ ಕುಬಸಕ್ಕೆ ಮೂರು ದಿನ

ರೊಟ್ಟಿ ಬಡಿಯುತ್ತಿದ್ದ ಕೈ ತಟ್ಟನೆ ನಿಂತಿತು.

"ಬರಬ್ಯಾಡ ಅನ್ನಾಕತ್ತಿಲ್ಲ ನೀಲಾ. ಬಾ. ಬುತ್ತಿ ಬಡಸಾಕ ಕೈ ಬೇಕಲ್ಲ. ಆದ್ರ ಶ್ವೇತಾನ ಉಡಿ ತುಂಬೂ ಮುಂದ ನೀ ಎದುರಿಗಿ ನಿಲ್ಲಬ್ಯಾಡ. ಅಷ್ಟ."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅತ್ತೆ ಹೊನ್ನವ್ವ ಇದನ್ನು ಹೇಳಿದ್ದು ಸಿಟ್ಟಿನಿಂದಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುವಂಥ ದನಿಯಲ್ಲಿ ಹೇಳಿದಳು. ಅದಕ್ಕೇ ಅದು ಹೆಚ್ಚು ಆಳಕ್ಕೆ ಇಳಿಯಿತು. ಹಿರಿಯ ಸೊಸೆ ನೀಲಾಂಬಿಕಾ ತಲೆ ಎತ್ತಲಿಲ್ಲ. ನಾದುವ ಕೊಣಮಿಗೆಯಲ್ಲಿ ಉಳಿದ ಹಿಟ್ಟನ್ನು ಒಟ್ಟುಮಾಡಿ, ಮತ್ತೊಂದು ಉಂಡೆ ಕಟ್ಟಿ, ಬಡಿಯತೊಡಗಿದಳು. ಹೊರಗೆ ಪಡಸಾಲೆಯಲ್ಲಿ ಕಿರಿಯ ಸೊಸೆ ಶ್ವೇತಾ ಏಳು ತಿಂಗಳ ಹೊಟ್ಟೆ ಹೊತ್ತು ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿಕೊಳ್ಳುತ್ತಿದ್ದಳು. ಆ ಸದ್ದೂ ಈ ರೊಟ್ಟಿಯ ಸದ್ದೂ ಒಂದಕ್ಕೊಂದು ಕೂಡಿಕೊಂಡು ಕೇಳುತ್ತಿದ್ದವು.

ಯುಗಾದಿ ಮುಗಿದು ಎರಡು ವಾರವಾಗಿತ್ತು. ಶಿಗ್ಗಾಂವದ ಬೇವಿನ ಮರಗಳೆಲ್ಲ ಹೂ ಉದುರಿಸುತ್ತಿದ್ದವು. ಬಸುರಿಗೆ ಬಯಕೆ ಬುತ್ತಿ ಕಟ್ಟಿ, ತೋಟಕ್ಕೋ ಹೊಳೆದಂಡೆಗೋ ಕರೆದೊಯ್ದು, ಹಸಿರು ನೆರಳಲ್ಲಿ ಕೂಡಿಸಿ ಉಣ್ಣಿಸಿ ಉಡಿ ತುಂಬುವುದು ಆ ಕಡೆಯ ರೂಢಿ. ಶ್ವೇತಾ ಗೊಟಗೋಡಿಯ ರಾಕ್ ಗಾರ್ಡನ್ನಿಗೇ ಹೋಗಬೇಕೆಂದಳು. ಶಿವನ ವಾರವೆಂದು ಹೊನ್ನವ್ವ ಸೋಮವಾರ ಗೊತ್ತುಮಾಡಿದಳು. ಓಣಿಯ ಐದು ಮಂದಿ ಮುತ್ತೈದೆಯರಿಗೆ ಹೇಳಿಕಳಿಸಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎರಡು ಬಗೆಯ ಚಟ್ನಿಹಿಂಡಿ, ಶೇಂಗಾ ಹೋಳಿಗೆ, ದೊಡ್ಡ ಕೊಳಗದ ತುಂಬ ಮೊಸರನ್ನ... ಎಲ್ಲವೂ ನೀಲಾಂಬಿಕಾಳ ಕೈಯಿಂದಲೇ ಆಗಬೇಕಾಗಿತ್ತು. ಬೆಳಗಿನ ಐದಕ್ಕೆ ಒಲೆಯ ಮುಂದೆ ಕೂತವಳು ಇನ್ನೂ ಎದ್ದಿರಲಿಲ್ಲ.

ಅವಳು ಎರಡೂವರೆ ತಿಂಗಳ ಬಸುರಿ. ಆ ಮನೆಯಲ್ಲಿ ಅದು ತಿಳಿದಿದ್ದದ್ದು ಅವಳ ಗಂಡ ಮೃತ್ಯುಂಜಯನೊಬ್ಬನಿಗೆ.

ಮದುವೆಯಾಗಿ ಎಂಟು ವರ್ಷ. ಈ ಮೊದಲು ಎರಡು ಸಲ ಬಸಿರು ನಿಂತಿತ್ತು. ಮೊದಲ ಸಲ ಮುಟ್ಟು ತಪ್ಪಿ ಇಪ್ಪತ್ತು ದಿನವಾಗಿರಲಿಲ್ಲ, ಹೊನ್ನವ್ವ ಸಂತೋಷ ತಡೆಯಲಾರದೆ ಓಣಿಯ ಮನೆಮನೆಗೂ ಸಕ್ಕರೆ ಹಂಚಿ ಬಂದಿದ್ದಳು. ತಿಂಗಳೊಳಗೆ ಅದು ಹೋಯಿತು. ಎರಡನೆಯ ಸಲವೂ ಸಕ್ಕರೆ ಹಂಚಿದಳು, ಅಟ್ಟದ ಮೇಲಿನ ಹಳೆಯ ತೊಟ್ಟಿಲನ್ನೂ ಇಳಿಸಿ ಎಣ್ಣೆ ಒರೆಸಿಟ್ಟಳು. ಅದೂ ಹೋಯಿತು. ಸಕ್ಕರೆ ತಿಂದ ಬಾಯಿಗಳೇ "ಪಾಪ ಹೊನ್ನವ್ವ" ಎನ್ನತೊಡಗಿದವು. ಯಾರ ಮುಂದೆಯೂ ಸೆರಗು ಒಡ್ಡದ ಹೆಂಗಸಿಗೆ ಆ ಪಾಪ ಎಂಬ ಮಾತು ನುಂಗಲಾಗಲಿಲ್ಲ. ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಏರಿಸಿದ ದಿನದಿಂದ ಅವಳು ಹಿರಿಯ ಸೊಸೆಯ ಮುಖ ನೋಡಿ ಮಾತನಾಡುವುದನ್ನು ಬಿಟ್ಟಳು.

ಅದಕ್ಕೇ ಈ ಸಲ ನೀಲಾಂಬಿಕಾಳ ತಾಯಿ ಉಡಚವ್ವ ಹಿರೇಬೆಂಡಿಗೇರಿಯಿಂದ ಫೋನಿನಲ್ಲಿ ಮಗಳಿಂದ ಆಣೆ ಮಾಡಿಸಿಕೊಂಡಿದ್ದಳು.

"ಬಾಯಿ ಹೊಲಕೊಂಡು ಇರು. ಬರೂ ಗುರುವಾರ ನಾ ಬಂದು ಕಳ್ಳ ಕುಬಸ ಮಾಡ್ತೇನಿ. ಅಲ್ಲೀತನಕ ಗಂಡನ್ನ ಬಿಟ್ಟು ಯಾರ ಮುಂದೂ ಅನ್ನಬ್ಯಾಡ. ನಿಮ್ಮ ಅತ್ತಿ ಮುಂದಂತೂ ಬ್ಯಾಡ."

ಊರಿಗೆಲ್ಲ ಹೇಳಿ ಮಾಡುವ ದೊಡ್ಡ ಕುಬಸ, ಅಂದರೆ ಸೀಮಂತಕ್ಕಿಂತ ಮೊದಲು, ಮೂರನೆಯ ತಿಂಗಳಿನಲ್ಲಿ, ತವರಿನವರು ಯಾರಿಗೂ ಸುಳಿವು ಕೊಡದೆ ಬಂದು ಹಸಿರು ಸೀರೆ, ಹಸಿರು ಕುಬಸ ಕೊಟ್ಟು ಹೋಗುತ್ತಾರೆ. ಅದಕ್ಕೇ ಅದು ಕಳ್ಳ ಕುಬಸ. ಅದೊಂದು ಆದರೆ ಕೆಟ್ಟ ಕಣ್ಣು ತಾಗುವುದಿಲ್ಲ, ಆಮೇಲೆ ಗುಟ್ಟು ಒಡೆಯಬಹುದು ಎಂಬ ನಂಬಿಕೆ. ಸೋಮವಾರದಿಂದ ಗುರುವಾರಕ್ಕೆ ಮೂರೇ ದಿನ. ಆ ಬೆಳಿಗ್ಗೆ ಮೆಣಸಿನಕಾಯಿ ಖರೀದಿಗೆ ಬ್ಯಾಡಗಿಗೆ ಹೊರಟಿದ್ದ ಮೃತ್ಯುಂಜಯ, ಅವ್ವನಿಗೆ ಹೇಳಿಬಿಡುತ್ತೇನೆ, ನೀನು ಇವತ್ತು ಮನೆಯಲ್ಲೇ ಮಲಗಿರು ಎಂದು ಹೆಂಡತಿಯ ಹತ್ತಿರ ಅಂಗಲಾಚಿದ್ದ. ಅವಳು ಅವನ ಕೈ ಹಿಡಿದು, ಇಷ್ಟು ದಿನ ಕಾದವರಿಗೆ ಮೂರು ದಿನ ಹೆಚ್ಚೇ ಎಂದು ನಕ್ಕು ಕಳಿಸಿದ್ದಳು.

ಹತ್ತು ಗಂಟೆಗೆ, ಬಾಡಿಗೆಗೆ ಹೇಳಿದ್ದ ಫಾರೂಕನ ಕ್ರೂಸರ್ ಗಾಡಿ ಬಾಗಿಲಿಗೆ ಬಂತು. ಹೆಂಗಸರು ಒಬ್ಬರ ತೊಡೆಯ ಮೇಲೊಬ್ಬರೆಂಬಂತೆ ಕೂತು, ದಾರಿಯುದ್ದಕ್ಕೂ ಶ್ವೇತಾಳನ್ನು ಚೇಷ್ಟೆ ಮಾಡುತ್ತ, ಗಂಡೋ ಹೆಣ್ಣೋ ಎಂದು ಹೊಟ್ಟೆಯ ಆಕಾರ ನೋಡಿ ವಾದಿಸುತ್ತ ಬಂದರು. ಹಿಂದಿನ ಸೀಟಿನಲ್ಲಿ ನೀಲಾಂಬಿಕಾ ಮೊಸರನ್ನದ ಕೊಳಗ ತುಳುಕದಂತೆ ಎರಡೂ ಕಾಲುಗಳ ನಡುವೆ ಹಿಡಿದು ಕೂತಿದ್ದಳು. ರಸ್ತೆಯ ಪ್ರತಿ ಉಬ್ಬಿಗೂ ಅವಳ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಯಾರೂ ನೋಡಬಾರದೆಂದು ಮತ್ತೆ ಕೊಳಗಕ್ಕೆ ಬರುತ್ತಿತ್ತು.

ಗೇಟಿನ ಹತ್ತಿರ ಇಳಿದಾಗ ಫಾರೂಕ ಕೊಳಗಕ್ಕೆ ಕೈ ಹಾಕಿದ. "ಬಿಡ್ರಿ ಅಕ್ಕಾರ, ನಾ ಒಯ್ದು ಇಡ್ತೇನಿ. ಭಾಳ ವಜ್ಜಿ ಐತಿ."

ಅವಳು ಬಿಟ್ಟೇ ಬಿಡುತ್ತಿದ್ದಳು. ಅಷ್ಟರಲ್ಲಿ ಹೊನ್ನವ್ವ ತಿರುಗಿದಳು. "ನೀ ಇರು ತಮ್ಮಾ. ಬಯಕಿ ಬುತ್ತಿ ಮನಿ ಹೆಣ್ಣಮಗಳ ತಲಿ ಮ್ಯಾಲನ ಹೋಗಬೇಕು. ನಮ್ಮ ಪದ್ಧತಿ ಹಂಗೈತಿ. ನೀಲಾ, ಎತ್ತು."

ನೀಲಾಂಬಿಕಾ ಅತ್ತೆಯ ಮುಖ ನೋಡಿದಳು. ಒಂದೇ ಮಾತು ಸಾಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆ ಮಾತು ಕೇಳಿದ್ದರೆ ಈ ಹೆಂಗಸು ಕೊಳಗವನ್ನು ತಾನೇ ಹೊರುತ್ತಿದ್ದಳೇನೋ... ಸೊಸೆಯನ್ನು ಇಲ್ಲಿಯೇ ಕೂಡಿಸಿ ಗಾಳಿ ಬೀಸುತ್ತಿದ್ದಳೇನೋ... ಆದರೆ ಐದು ಮಂದಿ ಓಣಿಯ ಹೆಂಗಸರು ಸಾಲಾಗಿ ನಿಂತು ನೋಡುತ್ತಿದ್ದರು. ಎರಡು ಸಲ ಸಕ್ಕರೆ ತಿಂದ ಐದು ಬಾಯಿಗಳು. ತಾಯಿಗೆ ಕೊಟ್ಟ ಆಣೆ ನೆನಪಾಯಿತು. ಅವಳು ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಬಗ್ಗಿ, ಕೊಳಗ ಎತ್ತಿದಳು.

ಗೇಟಿನಿಂದ ಮರದ ನೆರಳಿನವರೆಗೆ ದಾರಿ ಉದ್ದವಿತ್ತು. ಎರಡೂ ಕಡೆ ಹಳ್ಳಿಯ ಬದುಕನ್ನೇ ಹಿಡಿದು ನಿಲ್ಲಿಸಿದಂಥ ಬೊಂಬೆಗಳು. ನೊಗ ಹೊತ್ತ ಎತ್ತು, ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು, ಕಟ್ಟೆಯ ಮೇಲಿನ ಮುದುಕರು. ಪರೀಕ್ಷೆ ಮುಗಿಸಿದ ಮಕ್ಕಳು ಯಾವುದು ಬೊಂಬೆ, ಯಾವುದು ಮನುಷ್ಯ ಎಂದು ಮುಟ್ಟಿಮುಟ್ಟಿ ನೋಡುತ್ತ ಓಡಾಡುತ್ತಿದ್ದರು. ನೆರಳು ಸಿಕ್ಕಿತು. ಜಮಖಾನ ಹಾಸಿದರು. ಕೊಳಗ ಇಳಿಸುವಾಗ ನೀಲಾಂಬಿಕಾಳ ಸೊಂಟಕ್ಕೆ ಯಾರೋ ಹಗ್ಗ ಹಾಕಿ ಬಿಗಿದಂತಾಯಿತು. ಅವಳು ತುಟಿ ಕಚ್ಚಿಕೊಂಡು ಎಲೆ ಹಾಕಿದಳು, ಬಡಿಸಿದಳು. ಉಂಡು ಕೈ ತೊಳೆದ ಮೇಲೆ ಶ್ವೇತಾಳನ್ನು ಪೂರ್ವಕ್ಕೆ ಮುಖ ಮಾಡಿ ಕೂಡಿಸಿದರು. ಹೊನ್ನವ್ವ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ಜೋಡಿಸುತ್ತ ಹಿರಿಯ ಸೊಸೆಯ ಕಡೆ ನೋಡದೆಯೇ, ಹೋಗಿ ನೀರಿನ ಕ್ಯಾನ್ ತುಂಬಿಸಿಕೊಂಡು ಬಾ ಎಂದಳು.

"ಅಕ್ಕನೂ ಇರಲಿ ಬಿಡ್ರಿ ಅತ್ತಿ," ಎಂದಳು ಶ್ವೇತಾ ಮೆಲ್ಲಗೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ನಳದವರೆಗೆ ಹೋಗಲು ಅವಳಿಂದಾಗಲಿಲ್ಲ. ಬೀಸುವ ಕಲ್ಲಿನ ಹೆಂಗಸರ ಬೊಂಬೆಗಳ ಹತ್ತಿರ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯಿತು. ಒಡಲೊಳಗಿನಿಂದ ಬೆಚ್ಚಗೆ ಏನೋ ಇಳಿಯಿತು... ಆ ಬಿಸಿ ಅವಳಿಗೆ ಗುರುತಿತ್ತು. ಎರಡು ಸಲ ಕಂಡ ಬಿಸಿ. ಅವಳು ಬೊಂಬೆಗಳ ಪಕ್ಕದ ಕಟ್ಟೆಗೆ ಒರಗಿ ಕೂತು, ಸೆರಗು ಪೂರ್ತಿ ಮುಖದ ಮೇಲೆಳೆದುಕೊಂಡು, ಎರಡೂ ತೊಡೆಗಳನ್ನು ಬಿಗಿಯಾಗಿ ಕೂಡಿಸಿಕೊಂಡಳು. ಅಲುಗಾಡದಿದ್ದರೆ ಉಳಿದೀತು, ಉಸಿರು ಜೋರಾಗಿ ಬಿಡದಿದ್ದರೆ ಉಳಿದೀತು ಎಂದು ಕಲ್ಲಾಗಿ ಕೂತಳು. ಮೂರು ದಿನ... ಇನ್ನು ಮೂರೇ ದಿನ ಇರಪ್ಪಾ ನನ್ನ ಕೂಸೇ... ಜನ ಬಂದರು, ಹೋದರು. ಇಬ್ಬರು ಹುಡುಗಿಯರು ಬೊಂಬೆಗಳ ಸಾಲಿನಲ್ಲಿ ಅವಳನ್ನೂ ಸೇರಿಸಿ ಫೋಟೋ ತೆಗೆದುಕೊಂಡರು. ಈ ಬೊಂಬೆಯ ಸೀರೆ ಖರೇ ಸೀರೆಯಂತೆಯೇ ಇದೆ ಎಂದು ಯಾರೋ ಮೆಚ್ಚಿದರು.

ನಾಲ್ಕೈದು ವರ್ಷದ ಒಂದು ಹೆಣ್ಣುಕೂಸು ಬಂದು ಅವಳ ಕೈ ಮುಟ್ಟಿತು. ಸೆರಗಿನೊಳಗೆ ಇಣುಕಿತು.

"ಅಜ್ಜೀ, ಈ ಗೊಂಬಿ ಅಳಾಕತ್ತೈತಿ."

ಅಜ್ಜಿ ನಗುತ್ತಲೇ ಬಂದಳು. ಸವಣೂರಿನ ಗೌಸಬಿ, ಮೊಮ್ಮಕ್ಕಳೊಂದಿಗೆ ಗಾರ್ಡನ್ ನೋಡಲು ಬಂದ ಹಿರಿಯ ಜೀವ. ಸೆರಗು ಸರಿಸಿದವಳೇ ನಗು ನಿಲ್ಲಿಸಿದಳು. ಕೂಸನ್ನು ಆಚೆ ಕಳಿಸಿ, ನೆಲದ ಮೇಲೆ ಕೂತು, ನೀಲಾಂಬಿಕಾಳ ತಲೆಯನ್ನು ಎದೆಗೆ ಒರಗಿಸಿಕೊಂಡಳು.

"ಎಷ್ಟನೇ ತಿಂಗಳವ್ವಾ?"

ಇಷ್ಟು ದಿನ ಹೊಲಿದಿಟ್ಟ ಬಾಯಿ, ಹೆಸರು ಗೊತ್ತಿಲ್ಲದ ಹೆಂಗಸಿನ ಎದೆಯ ಮೇಲೆ ಬಿಚ್ಚಿಕೊಂಡಿತು. "ಎರಡೂವರಿ ತಿಂಗಳರೀ..."

ನೀರು ತರಲು ಹೋದವಳು ಎಲ್ಲಿ ಕೂತಳೆಂದು ಗೊಣಗುತ್ತ ಹುಡುಕಿಕೊಂಡು ಬಂದ ಹೊನ್ನವ್ವ ಎರಡು ಹೆಜ್ಜೆ ಹಿಂದೆ ನಿಂತಿದ್ದಳು. ಕೈಯಲ್ಲಿ ಉಡಿ ತುಂಬಲು ಹಿಡಿದ ಅಕ್ಕಿಯಿತ್ತು. ಅದು ಬೆರಳುಗಳ ಸಂದಿಯಿಂದ ಸುರಿದುಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಫಾರೂಕ ಗಾಡಿಯನ್ನು ಶಿಗ್ಗಾಂವದ ದವಾಖಾನೆಯ ಮೆಟ್ಟಿಲಿಗೇ ತಂದು ನಿಲ್ಲಿಸಿದ. ಅಲ್ಲಿಯವರೆಗೂ ಹೊನ್ನವ್ವ ಸೊಸೆಯ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಡಾಕ್ಟರಮ್ಮ ಒಂದು ಗಂಟೆಯ ಮೇಲೆ ಹೊರಗೆ ಬಂದು ಕೂಸು ಉಳಿಯಲಿಲ್ಲ ಎಂದಳು. ವಜ್ಜಿ ಎತ್ತಿದ್ದರಿಂದ ಹೀಗಾಯಿತೇ ಎಂದು ಹೊನ್ನವ್ವ ಕೇಳಿದಳು. ಹಾಗೆ ಹೇಳಲು ಬರುವುದಿಲ್ಲ, ಇಷ್ಟು ಎಳೆಯದು ಬಹಳ ಸಲ ತಾನಾಗಿಯೇ ಹೋಗುತ್ತದೆ, ಯಾರದೂ ತಪ್ಪಲ್ಲ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದಳು. ಅದೇ ಪ್ರಶ್ನೆಯನ್ನು ಹೊನ್ನವ್ವ ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಉತ್ತರ ಬಂತು. ಆ ಉತ್ತರ ಅವಳ ಕಿವಿಯವರೆಗೆ ಬಂದು ನಿಂತಿತೇ ಹೊರತು ಒಳಗೆ ಇಳಿಯಲಿಲ್ಲ.

ಮಂಚದ ಪಕ್ಕ ನಿಂತು ಅವಳು ವರ್ಷಗಳ ಮೇಲೆ ಮೊದಲ ಸಲ ಹಿರಿಯ ಸೊಸೆಯ ಮುಖ ನೋಡಿದಳು.

"ನನಗ್ಯಾಕ ಹೇಳಲಿಲ್ಲ ನೀಲಾ?"

ನೀಲಾಂಬಿಕಾ ಗೋಡೆಯ ಕಡೆ ನೋಡುತ್ತಿದ್ದಳು. "ಎರಡ ಸಲ ಹೇಳಿದ್ನೆಲ್ರೀ ಅತ್ತಿ..."

ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಹೊನ್ನವ್ವ ಮಂಚದ ಕಂಬಿ ಹಿಡಿದುಕೊಂಡಳು. ಬ್ಯಾಡಗಿಯಿಂದ ಓಡಿಬಂದ ಮೃತ್ಯುಂಜಯ ಬಾಗಿಲಲ್ಲಿ ನಿಂತು, ತಾಯಿಯನ್ನೂ ಹೆಂಡತಿಯನ್ನೂ ನೋಡಿ, ಒಳಗೆ ಬರಲಾರದೆ ಅಲ್ಲಿಯೇ ಕುಸಿದು ಕೂತ.

ಉಡಚವ್ವನಿಗೆ ಫೋನಿನಲ್ಲಿ ಹೇಳಬೇಡಿ, ಬಸ್ಸಿನಲ್ಲಿ ಒಬ್ಬಳೇ ಅಳುತ್ತ ಬರುತ್ತಾಳೆ, ಬಂದ ಮೇಲೆ ತಿಳಿಯಲಿ ಎಂದು ನೀಲಾಂಬಿಕಾ ಗಂಡನಿಗೆ ಹೇಳಿದ್ದಳು. ಹೀಗಾಗಿ ಗುರುವಾರ ಹನ್ನೊಂದು ಗಂಟೆಗೆ ಆ ತಾಯಿ ಕೈಚೀಲ ಹಿಡಿದು ನಗುಮುಖದಿಂದಲೇ ಹೊಸ್ತಿಲು ದಾಟಿದಳು. ಗುಟ್ಟಿನ ಕೆಲಸಕ್ಕೆ ಬಂದವಳು ಹೇಳಬೇಕಾದ ಸುಳ್ಳನ್ನು ದಾರಿಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು.

"ಹಂಗ ಸುಮ್ನ ಬಂದ್ನಿರಿ ಬೀಗತೀ. ಹೊಲದಾಗಿನ ಮಾವಿನಕಾಯಿ ಉದರಿದ್ವು, ಉಪ್ಪಿನಕಾಯಿಗೆ ಅಂತ ನಾಲ್ಕ ತಂದ್ನಿ."

ಹೊನ್ನವ್ವ ಚೀಲ ಇಸಿದುಕೊಂಡಳು. ಮಾವಿನಕಾಯಿಗಳ ನಡುವೆ ಹಸಿರು ರೇಷ್ಮೆಯ ಅಂಚು ಇಣುಕುತ್ತಿತ್ತು. ಚೀಲವನ್ನು ಕೆಳಗಿಡದೆ, ಎದೆಗೆ ಅವುಚಿಕೊಂಡೇ, ಬೀಗತಿಯ ಮುಂದೆ ನೆಲದ ಮೇಲೆ ಕೂತಳು.

"ಬೀಗತೀ... ನಿಮ್ಮ ಮಗಳ ತಲಿ ಮ್ಯಾಲ ನಾ ಕೊಳಗ ಹೊರಸಿದ್ನಿ."

ಇಷ್ಟರಲ್ಲಿ ಒಳಗಿನ ಕೋಣೆಯಿಂದ ಮಗಳ ಬಿಕ್ಕು ಕೇಳಿತು. ಉಡಚವ್ವನಿಗೆ ಎಲ್ಲ ತಿಳಿದುಹೋಯಿತು. ಒಳಗೆ ಹೋಗಿ ಮಗಳ ಪಕ್ಕದಲ್ಲಿ ಮಲಗಿ, ಹಸುಗೂಸನ್ನು ತಬ್ಬಿದಂತೆ ತಬ್ಬಿಕೊಂಡಳು. ನಾನೇ ನಿನ್ನ ಬಾಯಿ ಕಟ್ಟಿದೆನಲ್ಲೇ, ಗುಟ್ಟು ಕಾಯಲು ಹೇಳಿ ಕೂಸನ್ನು ಕಳೆದೆನಲ್ಲೇ ಎಂದು ಅವಳು ಅಳುತ್ತಿದ್ದರೆ, ಹೊರಗೆ ಹೊನ್ನವ್ವ, ನಾನು ಬಾಯಿ ಬಿಟ್ಟು ಎರಡನ್ನು ಕಳೆದೆ ಎಂದುಕೊಳ್ಳುತ್ತಿದ್ದಳು. ಇಬ್ಬರು ತಾಯಂದಿರೂ ತಪ್ಪಿನಲ್ಲಿ ತಮ್ಮ ತಮ್ಮ ಪಾಲನ್ನು ಬಿಟ್ಟುಕೊಡಲಿಲ್ಲ.

ಮಧ್ಯಾಹ್ನ ಹೊನ್ನವ್ವ ಶ್ವೇತಾಳನ್ನು ಕರೆದುಕೊಂಡು ಒಳಗೆ ಬಂದಳು. ಸೋಮವಾರ ಅರ್ಧಕ್ಕೇ ನಿಂತ ಉಡಿ ಅದು. ಅಕ್ಕಿ, ಕೊಬ್ಬರಿ ಇದ್ದ ತಾಟನ್ನು ನೀಲಾಂಬಿಕಾಳ ಮುಂದಿಟ್ಟು, "ನಿನ್ನ ಕೈಲೇ ತುಂಬವ್ವಾ. ನಾ ಅಂದಿದ್ದನ್ನ ಹೊಟ್ಟ್ಯಾಗ ಹಾಕ್ಕೋ," ಎಂದಳು.

ನೀಲಾಂಬಿಕಾ ತಾಟನ್ನು ನೋಡಿದಳು. ಶ್ವೇತಾಳ ಹೊಟ್ಟೆಯನ್ನು ನೋಡಿದಳು. ಕೈ ಚಾಚಿ ಆ ಹೊಟ್ಟೆಯನ್ನೊಮ್ಮೆ ಮುಟ್ಟಿ, ಕೈ ಹಿಂದೆಗೆದುಕೊಂಡಳು.

"ಇದು ಸುಖವಾಗಿ ಬರಲಿ. ಉಡಿ ತುಂಬಾಕ ಮಾತ್ರ ಇವತ್ತ ನನ್ನ ಕೈಲೆ ಆಗೂದಿಲ್ರೀ ಅತ್ತಿ."

ಹೊನ್ನವ್ವ ಒತ್ತಾಯ ಮಾಡಲಿಲ್ಲ. ತಾಟು ಎತ್ತಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು. ಎಂಟು ವರ್ಷ ಹಿಟ್ಟು ಮುಟ್ಟದ ಕೈ, ತಾಳ ತಪ್ಪುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ಅಂಚು ಹರಿದ ಎರಡು ರೊಟ್ಟಿ, ಬಿಸಿ ಹಾಲು ತಂದು ಸೊಸೆಯ ಮಗ್ಗುಲಲ್ಲಿಟ್ಟು ಹೋದಳು. ನೀಲಾಂಬಿಕಾ ಒಂದನ್ನು ತಿಂದಳು.

ನಾಲ್ಕರ ಬಸ್ಸಿಗೆ ಉಡಚವ್ವ ಎದ್ದಳು. ಸೀರೆಯನ್ನು ಏನು ಮಾಡಲಿ ಎಂದು ಅವಳು ಕೇಳಲಿಲ್ಲ, ಇಟ್ಟು ಹೋಗೆಂದು ಮಗಳೂ ಹೇಳಲಿಲ್ಲ. ಅದು ಮತ್ತೆ ಚೀಲಕ್ಕೆ ಹೋಯಿತು. ಮೇಲೆ ಮುಚ್ಚಲು ಈಗ ಮಾವಿನಕಾಯಿ ಬೇಕಾಗಿರಲಿಲ್ಲ. ಮೃತ್ಯುಂಜಯ ಚೀಲಕ್ಕೆ ಕೈ ಚಾಚಿದಾಗ ಹೊನ್ನವ್ವ ಅದನ್ನು ತಾನೇ ಎತ್ತಿ, ತನ್ನ ತಲೆಯ ಮೇಲಿಟ್ಟುಕೊಂಡು, ಬೀಗತಿಯ ಜೊತೆ ಓಣಿಗೆ ಇಳಿದಳು. ಬೇವಿನ ಕಟ್ಟೆಯ ಮೇಲೆ ಕೂತ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬಳು ತಡೆಯಲಾರದೆ ಕೇಳಿದಳು.

"ಹಸರ ಸೀರಿ ಐತೆಲ್ಲ ಹೊನ್ನಕ್ಕಾ... ಯಾರಿಗೆ ತಂದಿದ್ರು?"

ಕಿಟಕಿಯ ಪಕ್ಕ ಮಲಗಿದ್ದ ನೀಲಾಂಬಿಕಾ ಉಸಿರು ಹಿಡಿದಳು. ಅತ್ತೆಯ ಹೆಜ್ಜೆ ನಿಂತದ್ದು ಅವಳಿಗೆ ಕೇಳಿಸಿತು. ಮರುಕದ ಒಂದು ಮಾತನ್ನೂ ತಾಳಲಾರದ ಆ ಹೆಂಗಸು, ಸಕ್ಕರೆ ಹಂಚಿದ ಅದೇ ಓಣಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ನಮ್ಮ ನೀಲಾಗ. ಅಕಿ ಅದನ್ನ ಉಡೂ ಹಂಗ ನಾ ಇಡಲಿಲ್ಲ."

ಕಟ್ಟೆಯ ಮೇಲಿಂದ ಯಾರೋ ಪಾಪ ಎಂದರು. ಹೊನ್ನವ್ವ ತಲೆಯ ಮೇಲಿನ ಚೀಲವನ್ನು ಸರಿಪಡಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕಿಟಕಿಯೊಳಗೆ ನೀಲಾಂಬಿಕಾ, ಬಿಟ್ಟಿದ್ದ ಇನ್ನೊಂದು ರೊಟ್ಟಿಯನ್ನು ಕೈಗೆತ್ತಿಕೊಂಡಳು. ಅದು ಆಗಲೇ ತಣ್ಣಗಾಗಿತ್ತು.