ಮರಳಿ ಕೊಟ್ಟ ನೆರಳು

ಬಬ್ಬೂರಿನಾಚೆ ಇರುವ ಮಂತ್ರವಾದಿಗಳು ನಡೆಸುವ ಸೆರೆಮನೆಯಲ್ಲಿ ಒಳಹೋಗುವವನ ನೆರಳನ್ನು ಕಿತ್ತು ಗೂಟಕ್ಕೆ ನೇತುಹಾಕುತ್ತಾರೆ, ಬಿಡುಗಡೆಯ ದಿನ ಮರಳಿ ಕೊಡುತ್ತಾರೆ. ನನಗೆ ಕಾವಲುಗಾರ ಕೊಟ್ಟ ನೆರಳು ಒದ್ದೆ ಬಟ್ಟೆಯಂತೆ ತಣ್ಣಗೆ ಕಾಲಿಗಂಟಿತು. ಹೆಜ್ಜೆಯಿಟ್ಟರೆ ಕುಂಟಿತು.

“ಇದು ನಂದಲ್ಲ ಕಣ್ರಿ, ಕುರಿ ಕಾಯೋ ಕುಂಟ ಪಾಲಣ್ಣಂದು,” ಎಂದೆ.

“ಅವನು ಗ್ವಾಡೆ ಹಾರಿ ಓಡೋದ. ಸಿಕ್ಕಿದ್ದು ಹಾಕ್ಕಂಡು ನಡಿಯಲೇ, ನಿಂಗೇನು ಅಳತೆ ತಗಂಡು ಹೊಲಿಸ್ಕೊಡ್ಬೇಕಾ?” ಕಾವಲುಗಾರ ಗದರಿದ.

ಪಕ್ಕದಲ್ಲಿ ಕೂತಿದ್ದ ಸೆರೆಮನೆಯ ಮುಖ್ಯಸ್ಥ ತಲೆಯೆತ್ತದೆ ನನ್ನ ಬಿಡುಗಡೆ ಪತ್ರಕ್ಕೆ ಮೊಹರು ಒತ್ತಿದ. ಕುಂಟುಕಾಲಿನವನು ಎರಡಾಳೆತ್ತರದ ಗೋಡೆ ಹೇಗೆ ಹಾರಿದ ಎಂದು ಕೇಳುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ, ನನಗೂ.

ಹೊರಗೆ ಇಳಿಬಿಸಿಲು. ಗಂಡನಿಗಾಗಿ ತಿಂಗಳಿಂದ ಬಾಗಿಲಲ್ಲೇ ಕಾಯುತ್ತಿದ್ದ ಪಾಲಣ್ಣನ ಹೆಂಡತಿ ಸಿದ್ದಕ್ಕ ನನ್ನ ಮುಖ ನೋಡಲೇ ಇಲ್ಲ. ನೆಲಕ್ಕೆ ಕಂಬಳಿ ಹಾಸಿ, “ಬಾ, ಕುಂತ್ಕ. ಎಷ್ಟು ಸೊರಗಿದೀಯ!” ಎಂದಳು.

ನಾನು ನಿಂತೇ ಇದ್ದೆ. ನೆರಳು ಕುಳಿತುಕೊಂಡಿತು.