ಐದು ಎದೆಗಳ ಕಾಯಿದೆ

ಎಣ್ಣೆಗಾಯಿಯ ಮೊದಲ ತುತ್ತು ಬಾಯಿಗೆ ಹೋದ ಕೂಡಲೇ ಗೋಡೆಯ ಮೇಲಿನ ಹಸಿರು ದೀಪ ಕೆಂಪಾಯಿತು. ಮರುಕ್ಷಣ ಕಿವಿ ಕಿತ್ತುಹೋಗುವ ಹಾಗೆ ಸೈರನ್ ಕೂಗಿತು. ಛಾವಣಿಯ ಕೊಳವೆಯಿಂದ ಬೂದು ಬಣ್ಣದ ಮಂಜು ಸುರಿದು, ಕೊಳೆತ ಉಳ್ಳಾಗಡ್ಡಿಯ ನಾತ ಖಾನಾವಳಿಯನ್ನೆಲ್ಲ ತುಂಬಿತು. ಉಣ್ಣುತ್ತಿದ್ದವರು ತಾಟು ಬಿಟ್ಟು, ಮೂಗು ಮುಚ್ಚಿಕೊಂಡು, ಗದಗಿನ ಆ ಇಕ್ಕಟ್ಟಾದ ಓಣಿಗೆ ಓಡಿದರು. ಸಾರ್ವಜನಿಕ ಶಾಂತಿಗೆ ಒದಗಿದ್ದ ಗಂಡಾಂತರ ಹೀಗೆ ತಪ್ಪಿತು.

"ಇವತ್ತ ಎಣ್ಣಿಗಾಯಿ ಭಾಳ ಚಲೋ ಆಗಿತ್ತೇನು?" ಎಂದು ಖಾನಾವಳಿಯ ಮಾಲೀಕ ಚನಬಸಪ್ಪ ಹೆಂಡತಿಯನ್ನು ಕೇಳಿದ.

"ಕೆಡಿಸೇ ಮಾಡಿದ್ದೆ. ಶೇಂಗಾಪುಡಿ ಅರ್ಧಾನ ಹಾಕಿದ್ದೆ. ಆದ್ರ ಕೈ ನನ್ನ ಮಾತ ಕೇಳಬೇಕಲ್ಲ!" ಎಂದಳು ದಾನಮ್ಮ. ಇಡೀ ಆಯುಷ್ಯ ರುಚಿಯಾಗಿ ಅಡುಗೆ ಮಾಡಲು ಕಲಿತವಳಿಗೆ ಈ ವಯಸ್ಸಿನಲ್ಲಿ ಕೆಡಿಸಿ ಮಾಡುವುದನ್ನು ಕಲಿಯುವ ಕರ್ಮ ಬಂದಿತ್ತು.

ಮೂಲೆಯ ಮೇಜಿನಲ್ಲಿ ಉಣ್ಣುತ್ತಿದ್ದ ಡಾಕ್ಟರ್ ಪ್ರಹ್ಲಾದ ಹುದ್ದಾರರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ತಲೆ ತಗ್ಗಿಸಿದರು. ಶಾಂತಿ ಮುಂಜಾಗ್ರತಾ ಇಲಾಖೆಯ ವಿಜ್ಞಾನಿ ಅವರು. ಕೂಗಿದ ಯಂತ್ರವನ್ನು ಕಂಡುಹಿಡಿದವರೂ ಅವರೇ. ಎರಡು ಹೊತ್ತೂ ಇಲ್ಲಿಯೇ ಉಣ್ಣುವ ಅವರ ಎದೆಯೂ ಆ ಎಣ್ಣೆಗಾಯಿಗೆ ಸಾಕಷ್ಟು ಹಿಗ್ಗಿತ್ತು ಎಂಬುದನ್ನು ಯಂತ್ರ ದಾಖಲಿಸಿಕೊಂಡಿತ್ತು.

ಯಂತ್ರದ ಹೆಸರು ಸಮಭಾವಗ್ರಾಹಿ. ಅದು ಹುಟ್ಟಿದ ಬಗೆಯನ್ನು ಹೇಳದಿದ್ದರೆ ಅದರ ಮಹಿಮೆ ತಿಳಿಯುವುದಿಲ್ಲ. ಹಿಂದೊಮ್ಮೆ ರಾಜಧಾನಿಯಲ್ಲಿ ದೊಡ್ಡ ಗಲಭೆಯಾಯಿತು. ಗಲಭೆ ಯಾಕಾಯಿತೆಂದು ತಿಳಿಯಲು ನೇಮಿಸಿದ ಆಯೋಗ ಬಹಳ ವರ್ಷ ಅಧ್ಯಯನ ನಡೆಸಿ, ಜನ ಸೇರಿದ್ದರಿಂದ ಗಲಭೆಯಾಯಿತು ಎಂದು ಪತ್ತೆಹಚ್ಚಿತು. ಬರೇ ಸೇರಿದರೆ ಸಾಲದು, ಸೇರಿದವರಿಗೆಲ್ಲ ಒಂದೇ ಬಗೆಯಾಗಿ ಅನ್ನಿಸಬೇಕು ಎಂಬುದು ಆಯೋಗದ ಎರಡನೆಯ ಸಂಶೋಧನೆ. ಹುದ್ದಾರರ ಯಂತ್ರ ಗೋಡೆಯಾಚೆಗೂ ಹಾಯುವ ಸೂಕ್ಷ್ಮತರಂಗಗಳನ್ನು ಹರಿಸಿ, ಮನುಷ್ಯರ ಎದೆಬಡಿತ, ಉಸಿರಾಟ ಮತ್ತು ಚರ್ಮದ ಬಿಸಿಯನ್ನು ಅಳೆದು, ಒಬ್ಬೊಬ್ಬರಿಗೂ ಒಂದೊಂದು ಭಾವರೇಖೆಯನ್ನು ಎಳೆಯುತ್ತಿತ್ತು. ಐದು ಎದೆಗಳ ಭಾವರೇಖೆಗಳು ಒಂದರ ಮೇಲೊಂದು ಸರಿಯಾಗಿ ಕೂತವೆಂದರೆ ಸೈರನ್ನು. ಸೈರನ್ನಿನ ಹಿಂದೆಯೇ ಚದುರುಮಂಜು. ಮಂಜಿನಿಂದ ಆರೋಗ್ಯಕ್ಕೆ ಏನೂ ಹಾನಿಯಿಲ್ಲವೆಂದು ಅದನ್ನು ಎಂದೂ ಮೂಸಿ ನೋಡದ ತಜ್ಞರು ಪ್ರಮಾಣಪತ್ರ ಕೊಟ್ಟಿದ್ದರು.

ಒಂದೇ ಒಂದು ತೊಡಕಿತ್ತು. ರೇಖೆಗಳು ಬೇರೆ ಬೇರೆಯಾಗಿದ್ದರೂ ಯಾವುದು ಹಿಗ್ಗಿನದು, ಯಾವುದು ಸಿಟ್ಟಿನದು, ಯಾವುದು ದುಃಖದ್ದು ಎಂಬ ವ್ಯತ್ಯಾಸ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸಲು ಹುದ್ದಾರರು ಕಾಲಾವಕಾಶ ಕೇಳಿದಾಗ ಸಚಿವರು ನಕ್ಕುಬಿಟ್ಟರಂತೆ. "ವ್ಯತ್ಯಾಸ ಯಾತಕ್ಕ ಬೇಕ್ರೀ ಡಾಕ್ಟರ? ಇವತ್ತ ಕೂಡಿ ನಕ್ಕವರು ನಾಳೆ ಕೂಡಿ ಸಿಟ್ಟಾಗ್ತಾರ!" ಎಂದವರೇ ಕಾಯಿದೆಗೆ ಅಂಕಿತ ಹಾಕಿಸಿದರು. ಅಧಿಕಾರಿಗಳು ಲಂಚ ತಿಂದು ಯಂತ್ರವನ್ನು ನಿಲ್ಲಿಸಿಬಿಟ್ಟಾರು ಎಂಬ ಮುಂದಾಲೋಚನೆಯಿಂದ, ಅದನ್ನು ನಿಲ್ಲಿಸುವ ಗುಂಡಿಯಾಗಲಿ ಬೇಕೆಂದಾಗ ಕೂಗಿಸುವ ಗುಂಡಿಯಾಗಲಿ ಇರಕೂಡದೆಂದು ಅಪ್ಪಣೆ ಮಾಡಿದವರೂ ಅವರೇ.

ಆಮೇಲೆ ನಾಡಿನಲ್ಲಿ ಶಾಂತಿಯೋ ಶಾಂತಿ. ಮದುವೆಗಳಲ್ಲಿ ಅಕ್ಷತೆಯನ್ನು ನಾಲ್ಕು ನಾಲ್ಕು ಜನ ಸರದಿಯ ಮೇಲೆ ಹಾಕತೊಡಗಿದರು. ಕೊನೆಯ ಸರದಿ ಮುಗಿಯುವ ಹೊತ್ತಿಗೆ ಮದುಮಕ್ಕಳ ಮಧ್ಯೆ ಮೊದಲ ಜಗಳವೂ ಮುಗಿದಿರುತ್ತಿತ್ತು. ನಾಟಕದ ಕಂಪನಿಯವರು ಹಾಸ್ಯದ ಪ್ರವೇಶಗಳನ್ನು ಕಿತ್ತುಹಾಕಿದರು. ಸಚಿವರ ಭಾಷಣಗಳಲ್ಲಂತೂ ಪದೇ ಪದೇ ಸೈರನ್ ಕೂಗಿ ಬಹಳ ಮುಜುಗರವಾಯಿತು. ವಿಚಾರಿಸಿದಾಗ, ಸಭೆಗೆ ಸಭೆಯೇ ಒಂದೇ ತೆರನಾಗಿ ಬೇಸತ್ತದ್ದು ಕಾರಣವೆಂದು ತಿಳಿಯಿತು. ಬೇಸರದಿಂದ ಯಾವ ದೇಶದಲ್ಲೂ ಗಲಭೆಯಾಗಿಲ್ಲ ಎಂದು ವಾದಿಸಿ, ಬೇಸರವೊಂದಕ್ಕೆ ಮಾತ್ರ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಅದರ ಭಾವರೇಖೆ ನೆಲಕ್ಕೆ ಅಂಟಿದ ಹಾಗೆ ಇರುವುದರಿಂದ ಅದೊಂದನ್ನು ಗುರುತಿಸಲು ಯಂತ್ರಕ್ಕೆ ಕಷ್ಟವೂ ಆಗಲಿಲ್ಲ.

ಇದೆಲ್ಲದಕ್ಕೂ ದಾನಮ್ಮ ಹೊಂದಿಕೊಂಡಿದ್ದಳು. ಆದರೆ ಒಂದು ಮಧ್ಯಾಹ್ನ, ಬಡಿಸುತ್ತ ಬಡಿಸುತ್ತ ಸುಸ್ತಾಯಿತೆಂದು ಬಾಗಿಲ ಪಕ್ಕದ ಬಾಕಿನ ಮೇಲೆ ಕೂತ ಚನಬಸಪ್ಪ ಮತ್ತೆ ಏಳಲಿಲ್ಲ.

ಅವರ ಪದ್ಧತಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಸುತ್ತ ಕೂತು ಭಜನೆ ಮಾಡುತ್ತಾರೆ. ಆಮೇಲೆ ಹೂವಿನಿಂದ ಸಿಂಗರಿಸಿದ ವಿಮಾನವೆಂಬ ಚಟ್ಟದಲ್ಲಿ ಕೂಡಿಸಿ, ಓಣಿಯ ಜನ ಹೆಗಲು ಕೊಟ್ಟು ರುದ್ರಭೂಮಿಗೆ ಒಯ್ಯುತ್ತಾರೆ. ಇಷ್ಟಕ್ಕೂ ಈಗ ಸೈರನ್ನಿನ ಹೆದರಿಕೆ. ಹಿಂದಿನ ಓಣಿಯ ಸೂಲಗಿತ್ತಿ ಸತ್ತಾಗ ಆಕೆ ಹೆರಿಗೆ ಮಾಡಿಸಿದ ಮಕ್ಕಳೆಲ್ಲ ಬಂದು ಅತ್ತರು. ಯಂತ್ರ ಕೂಗಿತು, ಮಂಜು ಸುರಿಯಿತು, ಜನ ಚೆಲ್ಲಾಪಿಲ್ಲಿಯಾದರು. ಇಲಾಖೆಯ ಶಾಂತಿವಾಹನ ಬಂದು ಹೆಣವನ್ನು ಏರಿಸಿಕೊಂಡು ಹೋಗಿ, ಕಾಯಿದೆಯಲ್ಲಿ ಏಕಾಂತ ಸಂಸ್ಕಾರ ಎಂದು ಕರೆದಿರುವ ರೀತಿಯಲ್ಲಿ, ಯಾರೂ ಇಲ್ಲದೆ ಹೂತಿತು. ಊರಿಗೆಲ್ಲ ಉಣ್ಣಲಿಕ್ಕಿದ ತನ್ನ ಗಂಡ ಅನಾಥನ ಹಾಗೆ ಗಾಡಿಯಲ್ಲಿ ಹೋಗಬಾರದು ಎಂಬುದೊಂದೇ ದಾನಮ್ಮನ ತಲೆಯಲ್ಲಿ ಕೊರೆಯುತ್ತಿತ್ತು.

"ಸಾಹೇಬ್ರ, ಒಂದ ತಾಸು ಅದನ್ನ ಬಂದ್ ಮಾಡ್ರಿ. ನಿಮ್ಮ ಕಾಲ ಹಿಡೀತೇನಿ," ಎಂದಳು ಹುದ್ದಾರರಿಗೆ.

"ಬಂದ್ ಮಾಡ್ಲಿಕ್ಕೆ ಗುಂಡಿನ ಇಲ್ಲ ದಾನಮ್ಮ. ಇದ್ದಿದ್ರ ಎಂದೋ ಒತ್ತತಿದ್ದೆ," ಎಂದ ಹುದ್ದಾರರು ಕನ್ನಡಕ ತೆಗೆದು ಒರೆಸಿದರು. "ಆದ್ರ ಒಂದು ದಾರಿ ಅದ. ಮಂದಿ ಎಷ್ಟರ ಬರಲಿ, ಎಲ್ಲಾರಿಗೂ ಬ್ಯಾರೆ ಬ್ಯಾರೆ ಅನಿಸಬೇಕು. ಒಬ್ಬರಿಗೆ ಸಿಟ್ಟು, ಒಬ್ಬರಿಗೆ ನಗಿ, ಒಬ್ಬರಿಗೆ ಹೊಟ್ಟಿಕಿಚ್ಚು. ರೇಖಾ ಕೂಡಲಿಲ್ಲಂದ್ರ ಯಂತ್ರ ಸುಮ್ಮನಿರ್ತದ."

"ಹೆಣದ ಮುಂದ ನಗೂದೇನ್ರೀ?"

"ನಾಲ್ಕು ಮಂದಿಗೆ ಅಳ್ಲಿಕ್ಕೆ ಕಾಯಿದೆದಾಗ ಅವಕಾಶ ಅದ. ಆ ನಾಲ್ವರನ್ನ ನೀವೇ ಆರಿಸ್ರಿ."

ಗಂಡನಿಗಾಗಿ ಅಳುವವರನ್ನು ಆರಿಸುವ ಕೆಲಸ ಜಗತ್ತಿನ ಯಾವ ಹೆಂಡತಿಗೂ ಬರಬಾರದು. ದಾನಮ್ಮ ಮಗಳನ್ನು, ನಾದಿನಿಯನ್ನು, ಅಡುಗೆಯಲ್ಲಿ ಕೈಜೋಡಿಸುತ್ತಿದ್ದ ಫಕೀರವ್ವನನ್ನು ಹೆಸರಿಸಿ, ನಾಲ್ಕನೆಯವಳಾಗಿ ತನ್ನನ್ನು ಸೇರಿಸಿಕೊಂಡಳು. ಉಳಿದವರಿಗೆ ಹುದ್ದಾರರು ಒಬ್ಬೊಬ್ಬರಿಗೆ ಒಂದೊಂದು ಭಾವ ಹಂಚಿಕೊಟ್ಟರು. ದರ್ಜಿ ವಿರೂಪಾಕ್ಷ ತಾನು ಸೋತ ಚುನಾವಣೆಯನ್ನು ನೆನೆಯಬೇಕು. ಹೂಗಾರರ ಮುದುಕ ಕಿವಿಗೆ ಕೇಳುವ ಸಾಧನ ಸಿಕ್ಕಿಸಿಕೊಂಡು ನಗೆಹನಿ ಕೇಳಬೇಕು. ಭಜನೆಯವರು ಒಬ್ಬೊಬ್ಬರು ಒಂದೊಂದು ಹಾಡು ಹಾಡಬೇಕು. ಚನಬಸಪ್ಪನ ತಮ್ಮ ಗುರುಶಾಂತಪ್ಪನಿಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಹಿತ್ತಲ ಗೋಡೆಯ ಸಲುವಾಗಿ ಅಣ್ಣನ ಕೂಡ ವರ್ಷಗಟ್ಟಲೆ ಮಾತು ಬಿಟ್ಟವನು ಆತ. ದಾರಿಯುದ್ದಕ್ಕೂ ಗೋಡೆಯ ಜಗಳವನ್ನೇ ಆಡುತ್ತ ಬರಬೇಕೆಂದು ಅವನಿಗೆ ಹೇಳಿದರು.

ಎಲ್ಲವೂ ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ವಿಮಾನ ಹೊರಟಿತು. ಭಜನೆಯೆಂದರೆ ಸಂತೆಯ ಗದ್ದಲ. ಮುದುಕ ಕಿಸಕ್ಕೆಂದು ನಗುತ್ತಿದ್ದ. ಗುರುಶಾಂತಪ್ಪ, "ಗ್ವಾಡಿ ನಂದ! ಮ್ಯಾಲಿನ ದೇವ್ರು ಬಂದ್ ಹೇಳಿದ್ರೂ ನಂದ!" ಎಂದು ಹೆಣಕ್ಕೆ ಹೆಗಲು ಕೊಟ್ಟುಕೊಂಡೇ ಹೆಣದ ಮೇಲೆ ಹರಿಹಾಯುತ್ತಿದ್ದ. ಕಂಬಕ್ಕೊಂದರಂತೆ ಇದ್ದ ಹಸಿರು ದೀಪಗಳು ಒಂದೂ ಕೆಂಪಾಗಲಿಲ್ಲ. ಮೊದಲ ಕಂಬ ದಾಟಿದಾಗ ದಾನಮ್ಮ ನಿಟ್ಟುಸಿರು ಬಿಟ್ಟಳು. ಮಾರುಕಟ್ಟೆ ದಾಟುವ ಹೊತ್ತಿಗೆ ಅವಳಿಗೆ ಬೇರೆಯೇ ಚಿಂತೆ ಶುರುವಾಯಿತು. ಇಷ್ಟೊಂದು ಜನರಲ್ಲಿ ಒಬ್ಬರಾದರೂ ಹೇಳಿಕೊಟ್ಟದ್ದನ್ನು ಮರೆತು ಅತ್ತುಬಿಡಬಾರದೇ? ಎಲ್ಲರೂ ಇಷ್ಟು ಸಲೀಸಾಗಿ ಮನಸ್ಸನ್ನು ಬೇರೆ ಕಡೆ ತಿರುಗಿಸಿಕೊಂಡರೇ? ಆ ದೀಪ ಹಸಿರಾಗಿದ್ದಷ್ಟೂ ಅವಳಿಗೆ ಅವಮಾನವೆನಿಸತೊಡಗಿತು.

ರುದ್ರಭೂಮಿಯಲ್ಲಿ ವಿಮಾನ ಇಳಿಸಿದರು. ಗುರುಶಾಂತಪ್ಪ ಕುಣಿಯ ಅಂಚಿನಲ್ಲಿ ನಿಂತು ಮತ್ತೆ ಗೋಡೆಯ ಮಾತು ತೆಗೆದ. "ಒಂದ್ ಗೇಣು ಒತ್ತಿ ಕಟ್ಟೀದಿ ನೀ. ನಾ ಏನ್ ಹುಚ್ಚ ಅದೇನೇನು? ಅಣ್ಣಾಗಿ ನೀ ಹಂಗ್..." ಎಂದವನ ಮಾತು ಅಲ್ಲಿಗೇ ನಿಂತಿತು. ಜಗಳ ಮುಂದುವರಿಸಲು ಆಚೆ ಕಡೆಯಿಂದ ಉತ್ತರ ಬರಬೇಕಲ್ಲ. ಅವನು ಕಾದ. ಉತ್ತರ ಬರಲಿಲ್ಲ. "ತಗೋ, ಗ್ವಾಡಿ ನೀನೇ ತಗೊಂಡ ಹೋಗು. ಒಮ್ಮೆ ಬೈಯೋ ಅಣ್ಣಾ, ಒಮ್ಮೆ ಬೈಯೋ," ಎಂದು ಕುಸಿದು ಕೂತು ಹೋ ಎಂದು ಅತ್ತ.

ದರ್ಜಿ ಚುನಾವಣೆಯನ್ನು ಮರೆತ. ಮುದುಕ ಕಿವಿಯಿಂದ ಸಾಧನ ಕಿತ್ತೆಸೆದ. ಸೈರನ್ ಕೂಗಿತು. ಮಂಜು ಸುರಿಯಿತು. ಆದರೆ ಒಬ್ಬರೂ ಕದಲಲಿಲ್ಲ. ಹೇಗಿದ್ದರೂ ಕಣ್ಣಲ್ಲಿ ನೀರು, ಮೂಗು ಕಟ್ಟಿದೆ, ನಾತ ಯಾರಿಗೆ ಬಡಿಯಬೇಕು? ಶಾಂತಿವಾಹನ ಧಾವಿಸಿ ಬಂತು. ಇಳಿದ ಸಿಬ್ಬಂದಿ ವಿಮಾನದಲ್ಲಿ ಕೂತವನ ಮುಖ ನೋಡಿ ಅಲ್ಲೇ ನಿಂತು ಟೋಪಿ ತೆಗೆದರು. ಗದಗಿನಲ್ಲಿ ಚನಬಸಪ್ಪನ ಕೈಯಿಂದ ಬಡಿಸಿಕೊಳ್ಳದ ನೌಕರರನ್ನು ಇಲಾಖೆ ಎಲ್ಲಿಂದ ತರಬೇಕು? ಹುದ್ದಾರರು ಕೈಯಲ್ಲಿದ್ದ ಮಾಪಕ ನೋಡಿದರು. ಕೂಡಿದ ಎದೆಗಳ ಸಂಖ್ಯೆ ಏರುತ್ತಲೇ ಇತ್ತು. ಅದರಲ್ಲಿ ತಮ್ಮದೂ ಒಂದು ಎಂದು ಗೊತ್ತಾದ ಮೇಲೆ ಅವರು ಮಾಪಕವನ್ನು ಜೇಬಿಗೆ ಹಾಕಿದರು. ಸೈರನ್ ಕೂಗುತ್ತಿದ್ದ ಹಾಗೆಯೇ ಚನಬಸಪ್ಪನನ್ನು ಮಣ್ಣುಮಾಡಿದರು.

"ಸೈರನ್ ಹೊಡೆಸ್ಕೊಂಡ ಹೋದ ನೋಡ್ರಿ, ಪುಣ್ಯಾತ್ಮ," ಎಂದು ಯಾರೋ ಅಂದರು. ಅಂದವರು ಯಾರೋ ತಿಳಿಯದು, ಆದರೆ ಆ ಮಾತು ಊರನ್ನೆಲ್ಲ ಸುತ್ತಿ ಬಂತು.

ಅಲ್ಲಿಂದ ಮುಂದೆ ನಡೆದದ್ದನ್ನು ಯಾವ ಆಯೋಗವೂ ಊಹಿಸಿರಲಿಲ್ಲ. ಮಣ್ಣಿಗೆ ಬಂದವರು ಸೈರನ್ನಿಗೆ ಓಡುವುದನ್ನು ಬಿಟ್ಟರು, ಶಾಂತಿವಾಹನ ಬರಿದಾಗಿ ಮರಳತೊಡಗಿತು. ಮಣ್ಣು ಮುಗಿಸಿ ಬಂದವರನ್ನು ಜನ ಕೇಳುವ ಮೊದಲ ಪ್ರಶ್ನೆಯೇ "ಸೈರನ್ ಆತೇನು?" ಎಂದಾಯಿತು. ಆಗಲಿಲ್ಲವೆಂದರೆ ಮನೆಯವರಿಗೆ ಬೀಗರ ಮುಂದೆ ತಲೆಯೆತ್ತಲಾಗುತ್ತಿರಲಿಲ್ಲ. ಶ್ರೀಮಂತರು ಅಳುವವರನ್ನು ಲಾರಿಯಲ್ಲಿ ತರಿಸಿದರು. ಅವರು ಎದೆ ಎದೆ ಬಡಿದುಕೊಂಡರೂ ಯಂತ್ರ ಮೋಸಹೋಗಲಿಲ್ಲ. ಊರಿನ ಪರಮ ಜಿಪುಣರು, ಜಗಳಗಂಟರು, ಅತ್ತೆಯರು ತಮ್ಮ ಕೊನೆಯ ದಿನದ ಲೆಕ್ಕ ಹಾಕಿ ಗಾಬರಿಯಾದರು. ಐದು ಎದೆ ತಮಗೆ ಎಲ್ಲಿಂದ ಒದಗಬೇಕು? ಸೊಸೆಯರನ್ನು ಪ್ರೀತಿಯಿಂದ ಮಾತಾಡಿಸತೊಡಗಿದರು. ನೆರೆಯವರ ಮನೆಗೆ ಪಲ್ಯ ಕಳಿಸಿದರು. ಉಪದೇಶದಿಂದ ಆಗದ ಕೆಲಸ ಹೆದರಿಕೆಯಿಂದ ಆಯಿತು. ಶಾಂತಿ ಇಲಾಖೆ ಇದನ್ನೆಲ್ಲ ತನ್ನ ಸಾಧನೆಯೆಂದೇ ಹೇಳಿಕೊಂಡಿತು.

ಹೀಗಿರುವಾಗ ಕಾಯಿದೆ ತಂದ ಸಚಿವರು ತೀರಿಕೊಂಡರು. ಅವರ ಹುಟ್ಟೂರಾದ ಗದಗಿನ ಮೈದಾನದಲ್ಲಿ ಸರಕಾರಿ ಗೌರವ. ಜಿಲ್ಲೆ ಜಿಲ್ಲೆಗಳಿಂದ ಬಸ್ಸುಗಳಲ್ಲಿ ಜನರನ್ನು ತಂದು ಇಳಿಸಿದರು. ಮೈದಾನದ ಸುತ್ತ ಹತ್ತಾರು ಸಮಭಾವಗ್ರಾಹಿಗಳು. ಇಡೀ ನಾಡು ಪರದೆಯ ಮೇಲೆ ಆ ದೀಪಗಳನ್ನೇ ನೋಡುತ್ತಿತ್ತು. ಪುಷ್ಪವೃಷ್ಟಿಯಾಯಿತು, ಕುಶಾಲತೋಪು ಹಾರಿತು, ನಾಯಕರು ಗಂಟಲು ಕಟ್ಟುವವರೆಗೆ ಭಾಷಣ ಮಾಡಿದರು. ದೀಪಗಳು ಹಸಿರಾಗಿಯೇ ಉಳಿದವು.

"ಏನರೆ ಮಾಡಿ ಕೂಗಸ್ರಿ!" ಎಂದು ಮೇಲಧಿಕಾರಿಗಳು ಹುದ್ದಾರರ ಮೇಲೆ ಹಾರಾಡಿದರು.

"ಕೂಗಿಸೋ ಗುಂಡಿ ಬ್ಯಾಡ ಅಂತ ಸ್ವರ್ಗಸ್ಥರ ಅಪ್ಪಣಿ ಆಗಿತ್ತಲ್ರೀ," ಎಂದರು ಹುದ್ದಾರರು.

ನಿಜ ಹೇಳಬೇಕೆಂದರೆ, ಅಂದು ಮೈದಾನದಲ್ಲಿ ಸಹಸ್ರಾರು ಎದೆಗಳ ಭಾವರೇಖೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತ್ತು. ಅಷ್ಟು ಪರಿಪೂರ್ಣವಾದ ಸಮಭಾವವನ್ನು ಯಂತ್ರ ಹಿಂದೆಂದೂ ಕಂಡಿರಲಿಲ್ಲ. ಆದರೆ ಆ ಒಂದು ಭಾವಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇತ್ತಲ್ಲ!

ಮುಂದಿನ ಕೆಲವು ದಿನ ಖಾನಾವಳಿಯಲ್ಲಿ ಇದೇ ಮಾತು, ಇದೇ ನಗೆ. ನಾಲ್ಕು ನಾಲ್ಕು ಜನ ಸರದಿಯ ಮೇಲೆ ನಕ್ಕರು. ದಾನಮ್ಮನೂ ನಕ್ಕಳು. ತನ್ನ ಗಂಡನನ್ನು ಕಳ್ಳನ ಹಾಗೆ ಸಾಗಿಸಬೇಕಾಗಿ ಬಂದದ್ದು ಯಾರಿಂದ ಎಂಬುದನ್ನು ಅವಳು ಮರೆತಿರಲಿಲ್ಲ.

ಒಂದು ದಿನ ಉಣ್ಣುವವರೆಲ್ಲ ಹೋದ ಮೇಲೆ ಬಿಳಿ ಸೀರೆಯ ವಯಸ್ಸಾದ ಹೆಂಗಸೊಬ್ಬಳು ಬಂದು ಮೂಲೆಯಲ್ಲಿ ಕೂತಳು. ದಾನಮ್ಮ ನೀರು ಇಡುವಾಗ ಗುರುತು ಹಿಡಿದಳು. ಸಚಿವರ ಹೆಂಡತಿ ಸುಲೋಚನಾಬಾಯಿ. ಪರದೆಯ ಮೇಲೆ ಹೆಣದ ತಲೆಯ ಹತ್ತಿರ ಕೂತವಳು ಅವಳೇ.

"ನಿಮ್ಮ ಯಜಮಾನರಿಗೆ ಸೈರನ್ ಆಗಿತ್ತಂತ ಕೇಳೇನಿ," ಎಂದಳು ಸುಲೋಚನಾಬಾಯಿ.

"ಹೌದ್ರಿ." ದಾನಮ್ಮನ ದನಿಯಲ್ಲಿ ಬಿಗುಮಾನವಿತ್ತು. ಆಡಬೇಕೆಂದು ಕಾದಿಟ್ಟ ಮಾತುಗಳೆಲ್ಲ ನಾಲಗೆಯ ತುದಿಗೆ ಬಂದಿದ್ದವು.

"ಹೆಂಗ ಆತು ಅಂತ ಕೇಳಾಕ ಬಂದೆ. ನಾನೂ ಮೈದಾನದಾಗ ಅಲ್ಲೇ ಕೂತಿದ್ದೆ, ಅವರನ್ನ ಒಯ್ಯೂತನಕಾ." ಅವಳು ಮೇಜಿನ ಮೇಲೆ ಚೆಲ್ಲಿದ ನೀರನ್ನು ಬೆರಳಿನಿಂದ ಒರೆಸುತ್ತ ಹೇಳಿದಳು. "ನಂದೊಂದು ಎದಿ ಇತ್ತು. ಐದು ಬೇಕಂತಲ್ಲ."

ದಾನಮ್ಮ ಸ್ಟೂಲು ಎಳೆದುಕೊಂಡು ಆಕೆಯ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಇಬ್ಬರೂ ಬಹಳ ಹೊತ್ತು ಅತ್ತರು. ಇಬ್ಬರು ಹೆಂಗಸರ ಅಳುವಿನಿಂದ ಸಾರ್ವಜನಿಕ ಶಾಂತಿಗೆ ಏನೂ ಧಕ್ಕೆಯಿಲ್ಲವೆಂದು ಗೋಡೆಯ ಮೇಲಿನ ಹಸಿರು ದೀಪ ಉರಿಯುತ್ತಲೇ ಇತ್ತು.