ಕೊಲೋನ್‌ನಲ್ಲಿ ತುಂಡಾದ ನೀಲಿ ಟೈ

“ಅರ್ಧ ಟೈ?!”

ದುರ್ಗಾಳ ಕೈಯಿಂದ ಕತ್ತರಿ ಜಾರಿತು.

ಊರಾಚೆ ಕರೂರಿನ ಕಾರ್ಖಾನೆಯವರು, ಅವಳಿಗೆ ಗೊತ್ತುಮಾಡಿದ್ದ ಹುಡುಗ ಅಂಜನ್ ಕುಮಾರನನ್ನು ಮೂರು ತಿಂಗಳ ತರಬೇತಿಗೆ ಜರ್ಮನಿಯ ಕೊಲೋನ್ ನಗರಕ್ಕೆ ಕಳಿಸಿದಾಗ, ಪಿ.ಜೆ. ಬಡಾವಣೆಯ ತನ್ನ ಟೈಲರಿಂಗ್ ಅಂಗಡಿಯಲ್ಲಿ ಅವಳೇ ಕೂತು ಹೊಲಿದ ಟೈ ಅದು. ದಿನಾ ಹಾಕಿಕೊಳ್ಳುತ್ತೇನೆಂದು ಆಣೆ ಮಾಡಿಸಿಕೊಂಡಿದ್ದಳು.

ಇಂದು ಅವನು ಹರಿಹರದ ತನ್ನ ಮನೆಗೂ ಹೋಗದೆ ನೇರ ಅಂಗಡಿಗೇ ಬಂದಿದ್ದ. ಕೊರಳಲ್ಲಿ ಗೇಣುದ್ದದ ತುಂಡು ನೇತಾಡುತ್ತಿತ್ತು.

“ಯಾರು ಕತ್ತರಿಸಿದ್ರು?”

“ಆಫೀಸಿನ ಒಬ್ಬ ಮೇಡಂ... ತಡಿ, ಫೋಟೊ ಐತೆ!”

ಅಯ್ಯೋ ಪುಣ್ಯಾತ್ಮ! ಉರಿಯುವ ಬೆಂಕಿಗೆ ತುಪ್ಪ ಸುರಿದ. ಫೋಟೊದಲ್ಲಿ ಕೆಂಪು ಕೂದಲಿನ ಹೆಂಗಸೊಬ್ಬಳು ಅವನ ಕೆನ್ನೆಗೆ ಮುತ್ತಿಡುತ್ತಿದ್ದಳು. ಅವಳ ಕೈಯಲ್ಲಿ ನೀಲಿ ತುಂಡು!

ದುರ್ಗಾ ಫೋಟೊದಿಂದ ಮುಖ ತಿರುಗಿಸಿದಳು. ‘ಭಾನುವಾರ ನಿಶ್ಚಿತಾರ್ಥ... ಇವನ ಜೊತೆ ಹೆಂಗೆ?’ ಅಪ್ಪ ವಾಮದೇವಪ್ಪನಿಗೆ ಫೋನ್ ಹಚ್ಚಿದಳು.

“ಯಾರಿಗೆ ಮಾಡ್ತಿದ್ದೀಯ?”

“ಅಪ್ಪಂಗೆ. ಈ ಸಂಬಂಧ ಬ್ಯಾಡ ಅಂತೀನಿ.”

ರಿಂಗ್ ಆಗುತ್ತಿತ್ತು.

“ದುರ್ಗಾ, ಆ ಊರಾಗ ಕಾರ್ನಿವಲ್ ಅಂತ ಹಬ್ಬ. ಅದರ ಗುರುವಾರ ಹೆಂಗಸರದ್ದೇ ರಾಜ್ಯ! ಕಂಡ ಗಂಡಸರ ಟೈ ಕತ್ತರಿಸ್ತಾರೆ, ಸಮಾಧಾನಕ್ಕೆ ಕೆನ್ನೆಗೊಂದು ಮುತ್ತು ಕೊಡ್ತಾರೆ. ಅದಕ್ಕೆ ಅಲ್ಲಿಯವರೆಲ್ಲ ಹಳೇ ಟೈ ಹಾಕ್ಕೊಂಡು ಬಂದಿದ್ರು. ನಾನೊಬ್ಬನೇ ಒಳ್ಳೇದು ಹಾಕಿದ್ದೆ. ಆಣೆ ಮಾಡಿದ್ನಲ್ಲ!”

ಇಂಥದ್ದೂ ಒಂದು ಹಬ್ಬವೇ?!

“ಆರುನೂರು ವರ್ಷ ಕಟ್ಟಿದ ಚರ್ಚ್ ಐತೆ ಅಲ್ಲಿ. ಐನೂರ ಮೂವತ್ಮೂರು ಮೆಟ್ಟಿಲು ಹತ್ತಿದೆ. ಕೆಳಗೆ ರೈನ್ ನದಿ, ನಮ್ಮ ಹರಿಹರದ ಹೊಳೆ ಹಂಗೇ... ನಿನ್ನ ನೆನಪಾಗಿ ಊರೇ ಸರಿಯಾಗಿ ನೋಡ್ಲಿಲ್ಲ ಕಣೆ.”

ಅವನು ಜೇಬಿನಿಂದ ಉಳಿದರ್ಧ ಟೈ ತೆಗೆದ.

“ಕತ್ತರಿಸಿದವರು ಇದನ್ನ ವಾಪಸ್ ಕೊಡಲ್ಲ. ನೀನು ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಡಬ್ಬಿ ಪೂರ್ತಿ ಕೊಟ್ಟು ಬಿಡಿಸ್ಕೊಂಡೆ.”

“ಅಷ್ಟೂ ಹೋಳಿಗೆನಾ?!”

“ನೀನು ಹೊಲಿದದ್ದಲ್ವಾ...”

ದುರ್ಗಾಳ ಕಣ್ಣು ತುಂಬಿತು. ಅಷ್ಟರಲ್ಲಿ ಫೋನಿನಲ್ಲಿ ಅಪ್ಪನ ದನಿ: “ಏನವ್ವ?”

ಅಂಜನ್ ಕುಮಾರ್ ಫೋನಿನತ್ತ ಬಗ್ಗಿದ.

“ಅಪ್ಪಾ... ಭಾನುವಾರ ಹರಿಹರಕ್ಕೆ ಬೇಗ ಹೊರಡಾಣ ಅಂತ ಹೇಳಾಕೆ ಮಾಡಿದೆ.”

ಫೋನಿಟ್ಟು, ಅವನ ಕೊರಳಿನದನ್ನೂ ಬಿಚ್ಚಿಸಿಕೊಂಡು, ಎರಡೂ ತುಂಡು ಜೋಡಿಸಿ ಮಷಿನ್ನಿನ ಸೂಜಿಯಡಿ ಇಟ್ಟಳು. ನೀಲಿ ನೂಲು ಏರಿಸಿದಳು.

“ಕತ್ತರಿಸಿದವರು ಒಂದು ಮುತ್ತು ಕೊಟ್ರು,” ಅವನು ಮೆಲ್ಲಗೆ ಹೇಳಿದ. “ಹೊಲಿದವರು ಎಷ್ಟು ಕೊಡ್ಬೇಕು?”

“ಆ ಊರಾಗ ಹೊಲಿಯೋ ಪದ್ಧತಿ ಐತಾ?”

“ಇಲ್ಲ.”

“ಹಂಗಾದ್ರೆ ಭಾನುವಾರದ ತನಕ ಸುಮ್ನೆ ಕೂಡ್ರಿ,” ಎಂದಳು ದುರ್ಗಾ, ತಲೆಯೆತ್ತದೆ. “ಆಮೇಲೆ ಆ ಪದ್ಧತಿ ನಾವೇ ಶುರು ಮಾಡಾಣ.”